ನೀಲಿ ಹೊಗೆಯ ನಿದಾನ: ಹಳೆಯ ಕಾರು ಎಣ್ಣೆ ಕುಡಿಯುವುದೇಕೆ?

ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಹಿರಿಯರು ಕೊಂಡ ಅಂಬಾಸಿಡರ್ ಕಾರು ಇಂದಿಗೂ ಉಳಿದುಕೊಂಡಿದೆ. ಮದುವೆಯ ದಿಬ್ಬಣಕ್ಕೆ, ಜಾತ್ರೆಗೆ, ಆಸ್ಪತ್ರೆಗೆ, ಬಾಣಂತಿಯನ್ನು ಕರೆತರುವುದಕ್ಕೆ ಎಂದು ಎರಡು ಮೂರು ತಲೆಮಾರುಗಳ ಸುಖದುಃಖಗಳಿಗೆ ಹೆಗಲು ಕೊಟ್ಟ ವಾಹನವದು. ಮನೆಗೆ ಹೊಸ ಕಾರು ಬಂದ ಮೇಲೂ ಅದನ್ನು ಮಾರಲು ಯಾರಿಗೂ ಮನಸ್ಸು ಬಾರದು. ಇಂಥ ಕಾರುಗಳ ಒಡೆಯರಿಂದ ನಾವು ಪದೇ ಪದೇ ಕೇಳುವ ದೂರು ಒಂದೇ: "ಗಾಡಿ ಚೆನ್ನಾಗಿಯೇ ಓಡುತ್ತದೆ, ಆದರೆ ಆಯಿಲ್ ಕುಡಿಯುತ್ತದೆ, ಹಿಂದೆ ನೀಲಿ ಹೊಗೆ ಬಿಡುತ್ತದೆ." ಈ ದೂರಿಗೆ ಗ್ಯಾರೇಜುಗಳಲ್ಲಿ ದೊರೆಯುವ ಉತ್ತರವೂ ಬಹುಮಟ್ಟಿಗೆ ಒಂದೇ: "ಇಂಜಿನ್ ಇಳಿಸಬೇಕು, ಬೋರ್ ಮಾಡಿಸಿ ಹೊಸ ಪಿಸ್ಟನ್ನು ರಿಂಗು ಹಾಕಬೇಕು."

ಆ ಉತ್ತರ ಕೆಲವು ಸಲ ಸರಿಯಾಗಿರುತ್ತದೆ. ಆದರೆ ಪರೀಕ್ಷೆಯಿಲ್ಲದೆ ಬಂದ ಉತ್ತರ ಸರಿಯಾದರೂ ಅದು ಆಕಸ್ಮಿಕವೇ ಸರಿ. ನಮ್ಮ ಆಯುರ್ವೇದ ಪರಂಪರೆಯಲ್ಲಿ ರೋಗದ ಮೂಲವನ್ನು ಅರಿಯುವ ವಿದ್ಯೆಗೆ 'ನಿದಾನ' ಎಂದು ಹೆಸರು. ಮಾಧವಕರನು ಅದಕ್ಕಾಗಿಯೇ ಒಂದು ಪ್ರತ್ಯೇಕ ಗ್ರಂಥವನ್ನು ರಚಿಸಿದನು. ನಿದಾನಕ್ಕೆ ನಿಧಾನ ಬೇಕು. ಅವಸರದ ಚಿಕಿತ್ಸೆಯಿಂದ ಮನುಷ್ಯನ ದೇಹಕ್ಕೆ ಹೇಗೆ ಕೇಡೋ ಯಂತ್ರದ ದೇಹಕ್ಕೂ ಹಾಗೆಯೇ ಕೇಡು. ಹಳೆಯ ಕಾರಿನ ಎಣ್ಣೆ ಎಲ್ಲಿಗೆ ಹೋಗುತ್ತದೆ, ಅದನ್ನು ಮನೆಯವರೇ ಹೇಗೆ ಪತ್ತೆಮಾಡಬಹುದು, ಯಾವ ಕೆಲಸವನ್ನು ಮೊದಲು ಮಾಡಿಸಬೇಕು, ಯಾವುದನ್ನು ಕೊನೆಗೆ ಮಾಡಿಸಬೇಕು ಎಂಬುದನ್ನು ಈ ಲೇಖನದಲ್ಲಿ ಕ್ರಮವಾಗಿ ವಿವರಿಸಲು ಯತ್ನಿಸಿದ್ದೇವೆ.

ಇಂಜಿನ್ನಿನ ಪರಿಚಯ

ಅಂಬಾಸಿಡರ್ ಕಾರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರಿನ ಭಾರತೀಯ ರೂಪ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ಇದನ್ನು 1950ರ ದಶಕದ ಉತ್ತರಾರ್ಧದಿಂದ 2014ರ ಮೇ ತಿಂಗಳವರೆಗೆ ತಯಾರಿಸಿತು. ಆರಂಭಕಾಲದ ಸೈಡ್ ವಾಲ್ವ್ ಇಂಜಿನ್ನಿನ ತರುವಾಯ ಇದಕ್ಕೆ ಬಂದದ್ದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ 'ಬಿ' ಶ್ರೇಣಿಯ 1489 ಸಿ.ಸಿ. ಪೆಟ್ರೋಲ್ ಇಂಜಿನ್. ನಾಲ್ಕು ಸಿಲಿಂಡರು, ಪ್ರತಿ ಸಿಲಿಂಡರಿನ ಒಳವ್ಯಾಸ ಸುಮಾರು 73 ಮಿಲಿಮೀಟರ್, ಪಿಸ್ಟನ್ನಿನ ಓಡಾಟ ಸುಮಾರು 89 ಮಿಲಿಮೀಟರ್. 1955ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಎಂ.ಜಿ.ಎ. ಎಂಬ ಕ್ರೀಡಾ ಕಾರಿಗೂ ಇದೇ ಅಳತೆಯ ಇಂಜಿನ್ನನ್ನು ಅಳವಡಿಸಿದ್ದರು. 1990ರ ದಶಕದಲ್ಲಿ ಬಂದ ಇಸುಜು ಇಂಜಿನ್ನಿನ ಅಂಬಾಸಿಡರ್ ಬೇರೆ ಬಗೆಯದು. ನಮ್ಮ ವಿವರಣೆ ಮುಖ್ಯವಾಗಿ ಹಳೆಯ 1489 ಸಿ.ಸಿ. ಪೆಟ್ರೋಲ್ ಇಂಜಿನ್ನನ್ನು ಕುರಿತದ್ದು. ಆದರೂ ಪ್ರೀಮಿಯರ್ ಪದ್ಮಿನಿಯಂಥ ಕಾರುಗಳಿಗೂ ಪರೀಕ್ಷೆಯ ತತ್ವ ಒಂದೇ.

ಇಂಜಿನ್ನಿನ ತಳದಲ್ಲಿರುವ ಸಂಪು ಎಂಬ ತೊಟ್ಟಿಯಲ್ಲಿ ಎಣ್ಣೆ ತುಂಬಿರುತ್ತದೆ. ಅಲ್ಲಿಂದ ಪಂಪು ಅದನ್ನು ಮೇಲೆತ್ತಿ ಬೇರಿಂಗುಗಳಿಗೂ, ತಲೆಯ ಮೇಲಿರುವ ರಾಕರುಗಳಿಗೂ ಕಳುಹಿಸುತ್ತದೆ. ಕೆಲಸ ಮುಗಿಸಿದ ಎಣ್ಣೆ ಮತ್ತೆ ಕೆಳಗಿಳಿದು ತೊಟ್ಟಿಯನ್ನು ಸೇರುತ್ತದೆ. ಪೆಟ್ರೋಲು ಸುಡಲೆಂದೇ ಇರುವ ವಸ್ತು. ಎಣ್ಣೆ ಸುಡಬಾರದ ವಸ್ತು. ಇವೆರಡರ ನಡುವೆ ಕಾವಲು ನಿಂತಿರುವವು ಎರಡು: ಕೆಳಗಿನಿಂದ ಎಣ್ಣೆ ಮೇಲೇರದಂತೆ ತಡೆಯುವ ಪಿಸ್ಟನ್ ರಿಂಗುಗಳು, ಮೇಲಿನಿಂದ ಕೆಳಗಿಳಿಯದಂತೆ ತಡೆಯುವ ವಾಲ್ವ್ ಗೈಡುಗಳು ಮತ್ತು ಅವುಗಳ ಪುಟ್ಟ ರಬ್ಬರ್ ಸೀಲುಗಳು. ಇವಲ್ಲದೆ ಇಂಜಿನ್ನಿನ ಒಳಗಿನ ಆವಿ ಹೊರಹೋಗಲು ಇರುವ ಉಸಿರಿನ ಕೊಳವೆ, ಅಂದರೆ ಬ್ರೀದರ್ ಪೈಪು, ಮೂರನೆಯ ದಾರಿ. ಎಣ್ಣೆ ಸುಡುವ ಇಂಜಿನ್ನಿನಲ್ಲಿ ಈ ಮೂರರಲ್ಲಿ ಯಾವ ಕಾವಲು ಸೋತಿದೆ ಎಂದು ಕಂಡುಕೊಳ್ಳುವುದೇ ನಿದಾನ.

ಮೊದಲು ಲೆಕ್ಕ, ಅನಂತರ ಮಾತು

"ಬಹಳ ಎಣ್ಣೆ ತಿನ್ನುತ್ತದೆ" ಎಂಬ ಮಾತಿಗೆ ಬೆಲೆಯಿಲ್ಲ. ಎಷ್ಟು ಕಿಲೋಮೀಟರಿಗೆ ಎಷ್ಟು ಎಂಬುದಕ್ಕೆ ಬೆಲೆಯುಂಟು. ಬೆಳಗಿನ ಹೊತ್ತು, ಇಂಜಿನ್ ತಣ್ಣಗಿರುವಾಗ, ಸಮತಟ್ಟಾದ ನೆಲದ ಮೇಲೆ ಕಾರನ್ನು ನಿಲ್ಲಿಸಿ ಅಳತೆಯ ಕಡ್ಡಿಯನ್ನು ಹೊರತೆಗೆದು ಒರೆಸಿ, ಮತ್ತೆ ಇಳಿಬಿಟ್ಟು ನೋಡಬೇಕು. ಮೇಲಿನ ಗೆರೆಯವರೆಗೆ ಎಣ್ಣೆ ತುಂಬಿಸಿ ಮೀಟರಿನ ಅಂಕಿಯನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. 500 ಕಿ.ಮೀ. ಓಡಿದ ಬಳಿಕ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಮತ್ತೆ ನೋಡಿ, ಮೇಲಿನ ಗೆರೆಗೆ ಬರುವಷ್ಟು ಎಣ್ಣೆಯನ್ನು ಅಳತೆಯ ಪಾತ್ರೆಯಿಂದ ಹಾಕಿ, ಹಾಕಿದ್ದೆಷ್ಟೆಂದು ಬರೆಯಬೇಕು. ಹಳೆಯ ಕಾರುಗಳಲ್ಲಿ ಮೀಟರು ಕೆಟ್ಟಿರುವುದೂ ಉಂಟು. ಆಗ ಹಾಕಿಸಿದ ಪೆಟ್ರೋಲಿನಿಂದ ಅಂದಾಜು ಕಟ್ಟಬಹುದು: ಲೀಟರಿಗೆ 10 ಕಿ.ಮೀ. ಕೊಡುವ ಗಾಡಿಯಾದರೆ 50 ಲೀಟರ್ ಪೆಟ್ರೋಲಿಗೆ 500 ಕಿ.ಮೀ.

ನಲವತ್ತು ಐವತ್ತು ವರ್ಷ ದಾಟಿದ ಇಂಜಿನ್ನು 1000 ಕಿ.ಮೀ.ಗೆ ಕಾಲು ಲೀಟರಿನಿಂದ ಅರ್ಧ ಲೀಟರಿನವರೆಗೆ ಎಣ್ಣೆ ಕೇಳಿದರೆ ಗಾಬರಿಪಡಬೇಕಾದುದಿಲ್ಲ. ಒಂದು ಲೀಟರ್ ದಾಟಿದರೆ ಪರೀಕ್ಷೆ ಅಗತ್ಯ. ಇವೆರಡರ ನಡುವೆ ಇದ್ದರೆ ಎರಡು ಮೂರು ಸಲ ಅಳೆದು, ಅಂಕಿ ಏರುತ್ತಿದೆಯೋ ನಿಂತಿದೆಯೋ ಎಂದು ನೋಡಿದರೆ ಸಾಕು. ನಿಂತ ರೋಗಕ್ಕೂ ಬೆಳೆಯುವ ರೋಗಕ್ಕೂ ವ್ಯತ್ಯಾಸವಿದೆ.

ಒಂದು ಲೀಟರ್ ಎಂದರೆ ದೊಡ್ಡ ಮೊತ್ತವೆನಿಸುತ್ತದೆ. ಆದರೆ ಲೆಕ್ಕ ಹಾಕಿ ನೋಡಿರಿ. ಈ ಇಂಜಿನ್ನು ಟಾಪ್ ಗೇರಿನಲ್ಲಿ ಒಂದು ಕಿಲೋಮೀಟರಿಗೆ ಹೆಚ್ಚುಕಡಿಮೆ 2300 ಸುತ್ತು ತಿರುಗುತ್ತದೆ. 1000 ಕಿ.ಮೀ.ಗೆ 23 ಲಕ್ಷ ಸುತ್ತು. ಪ್ರತಿ ಸಿಲಿಂಡರು ಎರಡು ಸುತ್ತಿಗೊಮ್ಮೆ ಉಸಿರೆಳೆಯುತ್ತದೆ; ನಾಲ್ಕು ಸಿಲಿಂಡರು ಸೇರಿ 46 ಲಕ್ಷ ಉಸಿರು. ಒಂದು ಲೀಟರಿಗೆ ಸುಮಾರು 20,000 ಹನಿ. ಅಂದರೆ 230 ಉಸಿರಿಗೆ ಒಂದೇ ಒಂದು ಹನಿ ಎಣ್ಣೆ ಒಳಗೆ ಜಾರಿದರೂ ಸಾವಿರ ಕಿಲೋಮೀಟರಿನಲ್ಲಿ ಒಂದು ಲೀಟರ್ ಖಾಲಿ! ಇಷ್ಟು ಸೂಕ್ಷ್ಮವಾದ ಕಾವಲಿನಲ್ಲಿ ಎಷ್ಟು ಸಣ್ಣ ದೋಷವಾದರೂ ಸಾಕೆಂಬುದು ಇದರಿಂದ ತಿಳಿಯುತ್ತದೆ. ದೋಷ ಸಣ್ಣದಿರಬಹುದಾದ್ದರಿಂದ ಪರಿಹಾರವೂ ಸಣ್ಣದಿರಬಹುದು.

ಸುಡುತ್ತದೆಯೋ, ಸೋರುತ್ತದೆಯೋ?

ಹೊಗೆಯ ವಿಚಾರಕ್ಕೆ ಮೊದಲು ಸೋರಿಕೆಯ ವಿಚಾರ. ಇಂಜಿನ್ ಓಡುವಾಗ ಹತ್ತು ಸೆಕೆಂಡಿಗೆ ಒಂದು ಹನಿ ಸೋರಿದರೂ 20 ಗಂಟೆಯ ಓಟಕ್ಕೆ 7200 ಹನಿಯಾಗುತ್ತದೆ, ಅಂದರೆ ಒಂದು ಲೀಟರಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಓಡುವಾಗ ಸೋರುವ ಎಣ್ಣೆ ಗಾಳಿಗೆ ಹಾರಿಹೋಗುವುದರಿಂದ ಮನೆಯ ಮುಂದೆ ಕಲೆ ಕಾಣದೆಯೂ ಇರಬಹುದು.

ಇಂಜಿನ್ನಿನ ಮೈಯನ್ನು ಚೆನ್ನಾಗಿ ತೊಳೆದು ಒಣಗಿಸಿ 50 ಕಿ.ಮೀ. ಓಡಿಸಿ, ಬಳಿಕ ಟಾರ್ಚು ಹಿಡಿದು ನೋಡಬೇಕು. ಟ್ಯಾಪೆಟ್ ಕವರಿನ ಅಂಚು, ಮುಂದಿನ ಟೈಮಿಂಗ್ ಕವರು, ಪಕ್ಕದ ಮುಚ್ಚಳಗಳು, ಸಂಪಿನ ಗ್ಯಾಸ್ಕೆಟ್ಟು, ಆಯಿಲ್ ಫಿಲ್ಟರು, ಕೊನೆಗೆ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಣ ಜಾಗ, ಇವು ಸೋರುವ ಸ್ಥಳಗಳು. ಎಣ್ಣೆ ಮೇಲಿನಿಂದ ಕೆಳಕ್ಕೆ, ಮುಂದಿನಿಂದ ಹಿಂದಕ್ಕೆ ಹರಿಯುವುದರಿಂದ ಒದ್ದೆಯಾದ ಜಾಗಗಳಲ್ಲಿ ಅತ್ಯಂತ ಮೇಲಿನ ಮತ್ತು ಮುಂದಿನ ಜಾಗವೇ ಮೂಲವೆಂದು ತಿಳಿಯಬೇಕು.

ಈ ಇಂಜಿನ್ನಿನ ಒಂದು ವಿಶೇಷವನ್ನು ಇಲ್ಲಿ ಹೇಳಲೇಬೇಕು. ಮೂರು ಮೇನ್ ಬೇರಿಂಗುಗಳುಳ್ಳ ಈ ಹಳೆಯ ಕ್ರ್ಯಾಂಕ್ ಶಾಫ್ಟಿನ ಹಿಂಬದಿಯಲ್ಲಿ ಇಂದಿನ ಕಾರುಗಳಲ್ಲಿರುವಂಥ ರಬ್ಬರ್ ಸೀಲ್ ಇಲ್ಲ. ಶಾಫ್ಟಿನ ಮೇಲೆ ಸ್ಕ್ರೂವಿನ ಎಳೆಯಂತೆ ಕೊರೆದ ಗೆರೆಯೊಂದು ತಿರುಗುತ್ತಾ ಎಣ್ಣೆಯನ್ನು ಒಳಕ್ಕೆ ತಳ್ಳುತ್ತದೆ. ಇಂಜಿನ್ನಿನ ಒಳಗೆ ಒತ್ತಡ ಕಟ್ಟದಿರುವವರೆಗೆ ಇದು ಕೆಲಸಮಾಡುತ್ತದೆ; ಒತ್ತಡ ಕಟ್ಟಿತೆಂದರೆ ಎಣ್ಣೆ ಕ್ಲಚ್ಚಿನ ಕಡೆಗೆ ಒಸರುತ್ತದೆ. ಆದುದರಿಂದ ಹಿಂಬದಿಯ ಸೋರಿಕೆ ಕಂಡೊಡನೆ ಗೇರ್‌ಬಾಕ್ಸ್ ಇಳಿಸುವ ಮುನ್ನ ಬ್ರೀದರ್ ಪೈಪನ್ನು ಪರೀಕ್ಷಿಸುವುದು ವಿವೇಕ.

ಉಸಿರು ಕಟ್ಟಿದ ಇಂಜಿನ್

ಪಿಸ್ಟನ್ ರಿಂಗುಗಳು ಎಷ್ಟೇ ಚೆನ್ನಾಗಿದ್ದರೂ ಸುಟ್ಟ ಅನಿಲದ ಸ್ವಲ್ಪಾಂಶ ಕೆಳಗಿಳಿಯುತ್ತದೆ. ಅದು ಹೊರಹೋಗಲೆಂದು ಇಂಜಿನ್ನಿನ ಪಕ್ಕದ ಮುಚ್ಚಳದಿಂದ ಕೆಳಗಿಳಿಯುವ ಒಂದು ಕೊಳವೆಯನ್ನೂ, ಮೇಲಿನ ಟ್ಯಾಪೆಟ್ ಕವರಿನಿಂದ ಏರ್ ಕ್ಲೀನರಿಗೆ ಹೋಗುವ ಒಂದು ರಬ್ಬರ್ ನಳಿಗೆಯನ್ನೂ ಕೊಟ್ಟಿದ್ದಾರೆ. ವರ್ಷಗಳ ಧೂಳು ಮತ್ತು ಎಣ್ಣೆಯ ಜಿಡ್ಡು ಸೇರಿ ಕೆಳಗಿನ ಕೊಳವೆ ಕಟ್ಟಿಕೊಂಡರೆ ಒಳಗಿನ ಆವಿಯೆಲ್ಲ ಮೇಲಿನ ನಳಿಗೆಯಿಂದ ಎಣ್ಣೆಯ ಮಂಜನ್ನು ಹೊತ್ತು ಕಾರ್ಬ್ಯುರೇಟರಿಗೆ ನುಗ್ಗಿ ಸುಡುತ್ತದೆ. ರಿಂಗೂ ಸರಿ, ಗೈಡೂ ಸರಿ. ಆದರೂ ನೀಲಿ ಹೊಗೆ!

ಪರೀಕ್ಷೆ ಸುಲಭ. ಏರ್ ಕ್ಲೀನರಿನ ಒಳಭಾಗ ಎಣ್ಣೆಯಿಂದ ತೊಯ್ದಿದೆಯೇ ನೋಡಬೇಕು. ಕೊಳವೆಯನ್ನು ಕಳಚಿ ಪೆಟ್ರೋಲಿನಿಂದಲೋ ಸೀಮೆಎಣ್ಣೆಯಿಂದಲೋ ತೊಳೆದು, ಒಣಗಿಸಿ ಮತ್ತೆ ಜೋಡಿಸಿ 500 ಕಿ.ಮೀ. ಲೆಕ್ಕ ತೆಗೆಯಬೇಕು. ಕೆಲವರು ಎಣ್ಣೆಯನ್ನು ಮೇಲಿನ ಗೆರೆಗಿಂತ ಹೆಚ್ಚು ಸುರಿದಿರುತ್ತಾರೆ. ಆಗ ತಿರುಗುವ ಕ್ರ್ಯಾಂಕು ಎಣ್ಣೆಯನ್ನು ಹೊಡೆದು ಚಿಮ್ಮಿಸುತ್ತದೆ. ಹೆಚ್ಚಾದುದು ಸುಟ್ಟುಹೋಗಿ ಗೆರೆಯ ಹತ್ತಿರ ಬಂದ ಮೇಲೆ ತಾನಾಗಿ ನಿಲ್ಲುತ್ತದೆ. ಇಂಥ ಕಾರಿಗೆ ಬೇಕಾದುದು ಚಿಕಿತ್ಸೆಯಲ್ಲ, ಮಿತಾಹಾರ.

ಎಣ್ಣೆಯ ಗುಣವನ್ನೂ ನೋಡಬೇಕು. ಈ ಇಂಜಿನ್ನುಗಳಿಗೆ 20ಡಬ್ಲ್ಯೂ-40 ಅಥವಾ 20ಡಬ್ಲ್ಯೂ-50 ದರ್ಜೆಯ ಎಣ್ಣೆ ಒಪ್ಪುತ್ತದೆ. ಹೊಸ ಕಾರುಗಳಿಗೆಂದು ಬರುವ ಅತಿ ತೆಳುವಾದ ಎಣ್ಣೆ ಹಳೆಯ ಸಂದುಗಳಲ್ಲಿ ನಿಲ್ಲಲಾರದು. ಇಂಜಿನ್ನಿಗೆ ಅಂಟಿಕೊಂಡು ಕೆಲಸಮಾಡುವ ಯಾಂತ್ರಿಕ ಪೆಟ್ರೋಲ್ ಪಂಪು ಇರುವ ಕಾರುಗಳಲ್ಲಿ ಪಂಪಿನ ಪರದೆ ಹರಿದರೆ ಪೆಟ್ರೋಲು ಸಂಪಿಗೆ ಇಳಿದು ಎಣ್ಣೆ ನೀರಾಗುತ್ತದೆ. ಕಡ್ಡಿಯನ್ನು ಮೂಸಿದಾಗ ಪೆಟ್ರೋಲಿನ ವಾಸನೆ ಬಂದರೆ, ಎಣ್ಣೆಯ ಮಟ್ಟ ಇಳಿಯುವ ಬದಲು ಏರಿದ್ದರೆ, ಗಾಡಿಯನ್ನು ಓಡಿಸದೆ ಮೊದಲು ಪಂಪನ್ನೂ ಕಾರ್ಬ್ಯುರೇಟರನ್ನೂ ನೋಡಿಸಬೇಕು. ಪೆಟ್ರೋಲ್ ಬೆರೆತ ಎಣ್ಣೆ ಬೇರಿಂಗುಗಳಿಗೆ ವಿಷ.

ಹೊಗೆಯ ಭಾಷೆ

ಹೊಗೆಗೆ ಬಣ್ಣವೂ ಉಂಟು, ಕಾಲವೂ ಉಂಟು. ಕಪ್ಪು ಹೊಗೆ ಪೆಟ್ರೋಲು ಹೆಚ್ಚಾದುದರ ಲಕ್ಷಣ. ಇಂಜಿನ್ ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ ರೇಡಿಯೇಟರಿನ ನೀರು ಒಳಗೆ ಹೋಗುತ್ತಿರುವುದರ ಲಕ್ಷಣ. ಚಳಿಗಾಲದ ಬೆಳಗಿನಲ್ಲಿ ಸ್ವಲ್ಪ ಹೊತ್ತು ಕಾಣುವ ತೆಳು ಬಿಳಿ ಆವಿ ಸಹಜವಾದುದು. ಸುಡುವ ಎಣ್ಣೆಯ ಹೊಗೆ ನೀಲಿ. ಅದರ ವಾಸನೆ ಕಮಟು.

ನೀಲಿ ಹೊಗೆ ಯಾವಾಗ ಬರುತ್ತದೆ ಎಂಬುದು ಬಣ್ಣಕ್ಕಿಂತಲೂ ಮುಖ್ಯವಾದ ಸಾಕ್ಷ್ಯ. ಒಬ್ಬರು ಕಾರು ಓಡಿಸಬೇಕು, ಇನ್ನೊಬ್ಬರು ಹಿಂದೆ ಬೇರೆ ವಾಹನದಲ್ಲಿ ಬಂದು ಗಮನಿಸಬೇಕು.

ರಾತ್ರಿಯೆಲ್ಲ ನಿಂತ ಕಾರನ್ನು ಬೆಳಿಗ್ಗೆ ಶುರುಮಾಡಿದಾಗ ಒಮ್ಮೆ ಗಪ್ಪೆಂದು ನೀಲಿ ಹೊಗೆ ಬಂದು ಒಂದೆರಡು ನಿಮಿಷದಲ್ಲಿ ಕರಗಿದರೆ ವಾಲ್ವ್ ಗೈಡುಗಳ ಮೇಲೆ ಸಂಶಯ. ಇಂಜಿನ್ನಿನ ತಲೆಯಲ್ಲಿ ನಿಂತ ಎಣ್ಣೆ ರಾತ್ರಿ ಹನಿಹನಿಯಾಗಿ ವಾಲ್ವಿನ ಕಡ್ಡಿಯಗುಂಟ ಇಳಿದಿರುತ್ತದೆ. ಚಾರ್ಮಾಡಿ, ಆಗುಂಬೆಯಂಥ ಘಾಟಿ ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದು ಗೇರಿನಲ್ಲೇ ಇಳಿದು, ತಗ್ಗಿನಲ್ಲಿ ಮತ್ತೆ ಆಕ್ಸಿಲರೇಟರ್ ಒತ್ತಿದೊಡನೆ ಮೋಡದಂತೆ ನೀಲಿ ಹೊಗೆ ಎದ್ದರೆ ಸಂಶಯ ಇನ್ನಷ್ಟು ಬಲವಾಗುತ್ತದೆ. ಗಾಳಿಯ ದಾರಿ ಮುಚ್ಚಿ ಇಂಜಿನ್ ವೇಗವಾಗಿ ತಿರುಗುವಾಗ ಒಳಗೆ ನಿರ್ವಾತ ಹೆಚ್ಚುತ್ತದೆ. ಆ ಸೆಳೆತ ಸವೆದ ಗೈಡಿನ ಸಂದಿನಿಂದ ಎಣ್ಣೆಯನ್ನು ಹೀರುತ್ತದೆ.

ಇದಕ್ಕೆ ಪ್ರತಿಯಾಗಿ, ಏರು ಹತ್ತುವಾಗ, ಭಾರ ಎಳೆಯುವಾಗ, ವೇಗ ಹೆಚ್ಚಿಸುವಾಗ ಹೊಗೆ ಎಡೆಬಿಡದೆ ಬಂದು ಆಕ್ಸಿಲರೇಟರಿನಷ್ಟೇ ಹೆಚ್ಚುತ್ತ ಹೋದರೆ ರಿಂಗು ಮತ್ತು ಸಿಲಿಂಡರಿನ ಸವೆತವನ್ನು ಶಂಕಿಸಬೇಕು. ಆಗ ಎಣ್ಣೆ ತುಂಬುವ ಮುಚ್ಚಳವನ್ನು ತೆರೆದರೆ ಉಗಿಬಂಡಿಯಂತೆ ಪುಸುಪುಸು ಆವಿ ಹೊರಬರುತ್ತದೆ. ಬ್ರೀದರ್ ಪೈಪಿನ ತುದಿಯಲ್ಲೂ ಹೊಗೆ ಕಾಣುತ್ತದೆ.

ಪ್ಲಗ್ಗು ಹೇಳುವ ಸಾಕ್ಷ್ಯ

ನಾಲ್ಕು ಪ್ಲಗ್ಗುಗಳನ್ನೂ ಬಿಚ್ಚಿ, ಯಾವುದು ಯಾವ ಸಿಲಿಂಡರಿನದೆಂದು ಗುರುತಿಟ್ಟು ಒಂದು ಬಿಳಿ ಕಾಗದದ ಮೇಲೆ ಸಾಲಾಗಿ ಇಡಬೇಕು. ತಿಳಿಗಂದು ಬಣ್ಣ ಆರೋಗ್ಯದ ಲಕ್ಷಣ. ಒಣ ಕಪ್ಪು ಮಸಿ ಪೆಟ್ರೋಲು ಹೆಚ್ಚಾದುದರ ಗುರುತು. ಜಿಡ್ಡಾಗಿ ಹೊಳೆಯುವ ಕಪ್ಪು ಎಣ್ಣೆಯ ಗುರುತು. ಪೆಟ್ರೋಲಿನ ಒದ್ದೆಯನ್ನು ಎಣ್ಣೆಯೆಂದು ಭ್ರಮಿಸಬಾರದು. ಪೆಟ್ರೋಲು ಸ್ವಲ್ಪ ಹೊತ್ತಿನಲ್ಲಿ ಆರಿಹೋಗುತ್ತದೆ, ಎಣ್ಣೆ ಬೆರಳಿಗೆ ಜಾರುತ್ತದೆ. ನಾಲ್ಕೂ ಸಮನಾಗಿ ಜಿಡ್ಡಾಗಿದ್ದರೆ ಬ್ರೀದರಿನ ದೋಷ ಅಥವಾ ಒಟ್ಟಾರೆ ಸವೆತ. ಒಂದೇ ಪ್ಲಗ್ಗು ಜಿಡ್ಡಾಗಿದ್ದರೆ ರೋಗವೂ ಆ ಒಂದು ಸಿಲಿಂಡರಿನದೇ: ಒಂದು ಮುರಿದ ರಿಂಗು, ಒಂದು ಸವೆದ ಗೈಡು, ಅಪರೂಪಕ್ಕೆ ಹೆಡ್ ಗ್ಯಾಸ್ಕೆಟ್ಟಿನ ಬಿರುಕು.

ಒಣ ಪರೀಕ್ಷೆ, ಹಸಿ ಪರೀಕ್ಷೆ

ಇನ್ನು ಗ್ಯಾರೇಜಿನವರ ಕಂಪ್ರೆಷನ್ ಗೇಜ್ ಬೇಕಾಗುತ್ತದೆ. ಇಂಜಿನ್ ಬಿಸಿಯಾಗಿರಬೇಕು, ಬ್ಯಾಟರಿ ತುಂಬಿರಬೇಕು, ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿರಬೇಕು, ಕಾಯಿಲಿನ ವಯರನ್ನು ಕಳಚಿರಬೇಕು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದಿರಬೇಕು. ಪ್ರತಿ ಸಿಲಿಂಡರಿಗೂ ಗೇಜನ್ನು ಹಿಡಿದು ಸ್ಟಾರ್ಟರ್ ತಿರುಗಿಸಿ ಬಂದ ಅಂಕಿಯನ್ನು ಬರೆದುಕೊಳ್ಳಬೇಕು. ಇದು ಒಣ ಪರೀಕ್ಷೆ. ಒಂದಕ್ಕೊಂದಕ್ಕೆ ನೂರಕ್ಕೆ ಹತ್ತರೊಳಗಿನ ವ್ಯತ್ಯಾಸವಿದ್ದರೆ ಸಮಾಧಾನ ಪಡಬಹುದು.

ಒಂದು ಉದಾಹರಣೆ. ಅಂಕಿಗಳು ಕ್ರಮವಾಗಿ 120, 118, 85, 122 ಎಂದು ಬಂದುವೆನ್ನೋಣ. ಮೂರನೆಯ ಸಿಲಿಂಡರು ದುರ್ಬಲ. ಪ್ಲಗ್ಗಿನ ರಂಧ್ರದ ಮೂಲಕ ಅದಕ್ಕೆ ಒಂದು ಚಮಚೆ ಇಂಜಿನ್ ಎಣ್ಣೆ ಹಾಕಿ, ಒಂದೆರಡು ಸುತ್ತು ತಿರುಗಿಸಿ ಮತ್ತೆ ಅಳೆಯಬೇಕು. ಇದು ಹಸಿ ಪರೀಕ್ಷೆ. ಅಂಕಿ 85ರಿಂದ 115ಕ್ಕೆ ಏರಿದರೆ, ಹಾಕಿದ ಎಣ್ಣೆ ರಿಂಗಿನ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿತೆಂದು ಅರ್ಥ. ದೋಷ ರಿಂಗಿನದು ಅಥವಾ ಸಿಲಿಂಡರಿನ ಗೋಡೆಯದು. ಅಂಕಿ ಏರದೆ 87ರಲ್ಲೇ ನಿಂತರೆ ವಾಲ್ವು ಸರಿಯಾಗಿ ಕೂರುತ್ತಿಲ್ಲ ಅಥವಾ ಗ್ಯಾಸ್ಕೆಟ್ಟು ಹೋಗಿದೆ.

ಇಲ್ಲಿ ಬಹಳ ಜನ ಎಡವುವ ಒಂದು ಅಂಶವಿದೆ. ವಾಲ್ವ್ ಗೈಡಿನ ಸವೆತ ಕಂಪ್ರೆಷನ್ ಪರೀಕ್ಷೆಯಲ್ಲಿ ಕಾಣದು. ಗೈಡು ಎಷ್ಟೇ ಸಡಿಲವಾಗಿದ್ದರೂ ವಾಲ್ವು ತನ್ನ ಪೀಠದಲ್ಲಿ ಕೂತಿದ್ದರೆ ಅಂಕಿ ಚೆನ್ನಾಗಿಯೇ ಬರುತ್ತದೆ. ಆದುದರಿಂದ ನಾಲ್ಕೂ ಅಂಕಿ ಸರಿಯಿದ್ದು ಎಣ್ಣೆ ಮಾತ್ರ ಸುಡುತ್ತಿದ್ದರೆ ದೃಷ್ಟಿ ಗೈಡಿನ ಕಡೆಗೆ, ಇಲ್ಲವೆ ಎಣ್ಣೆ ಬಳಿಯುವ ಕೆಳಗಿನ ಆಯಿಲ್ ರಿಂಗಿನ ಕಡೆಗೆ ಹೊರಳಬೇಕು. ಇವೆರಡನ್ನೂ ಬಿಡಿಸಿ ತಿಳಿಯಲು ಮ್ಯಾನಿಫೋಲ್ಡನ್ನು ಕಳಚಿ ಟಾರ್ಚು ಬಿಟ್ಟು ನೋಡಬೇಕು. ಈ ಇಂಜಿನ್ನಿನಲ್ಲಿ ಗಾಳಿ ಒಳಹೋಗುವ ಬಾಯಿಗಳು ಎರಡೇ. ಒಂದೊಂದನ್ನು ಎರಡೆರಡು ಸಿಲಿಂಡರು ಹಂಚಿಕೊಂಡಿವೆ. ಒಳಗಿನ ವಾಲ್ವಿನ ಬೆನ್ನು ಎಣ್ಣೆಯಿಂದ ಒದ್ದೆಯಾಗಿ, ದಪ್ಪ ಮಸಿಗಟ್ಟಿದ್ದರೆ ಎಣ್ಣೆ ಮೇಲಿನಿಂದ ಇಳಿಯುತ್ತಿದೆ. ಬೆನ್ನು ಒಣಗಿದ್ದರೆ ಎಣ್ಣೆ ಕೆಳಗಿನಿಂದ ಏರುತ್ತಿದೆ.

ಒಂದು ಮನೆಯ ಸಂಗತಿ

ನಮಗೆ ಪರಿಚಿತವಾದ ಒಂದು ಕುಟುಂಬದ ಸಂಗತಿಯನ್ನು ಇಲ್ಲಿ ಹೇಳುವುದು ಉಚಿತ. ಅಜ್ಜನವರು ಕೊಂಡ ಅಂಬಾಸಿಡರ್ ನೀಲಿ ಹೊಗೆ ಬಿಡತೊಡಗಿತು. ನೋಡಿದವರು ಇಂಜಿನ್ ಇಳಿಸಿ, ಬೋರ್ ಮಾಡಿಸಿ, ನಾಲ್ಕು ಹೊಸ ಪಿಸ್ಟನ್ನು ಹಾಕಿದರು. ಮಗಳ ಮದುವೆಗೆಂದು ತೆಗೆದಿಟ್ಟ ಹಣದಲ್ಲಿ ಒಂದು ಭಾಗ ಅದಕ್ಕೆ ಹೋಯಿತು. ಕಾರಿಗೆ ಬಲ ಬಂತು, ಆದರೆ ಬೆಳಗಿನ ನೀಲಿ ಹೊಗೆ ಹಾಗೆಯೇ ಉಳಿಯಿತು. ಇನ್ನೂ ತುಸು ಹೆಚ್ಚಿತು. ಕೊನೆಗೆ ಹಿರಿಯ ಮಿಸ್ತ್ರಿಯೊಬ್ಬರು ಅಳತೆ ತೆಗೆದು, ಒಣ ಹಸಿ ಪರೀಕ್ಷೆಗಳನ್ನು ಮಾಡಿ, ಮ್ಯಾನಿಫೋಲ್ಡ್ ಕಳಚಿ ತೋರಿಸಿದರು. ವಾಲ್ವುಗಳ ಬೆನ್ನೆಲ್ಲ ಎಣ್ಣೆ. ವಾಲ್ವಿನ ಕಡ್ಡಿಗೆ ತೊಡಿಸಿದ ಪುಟ್ಟ ರಬ್ಬರ್ ಉಂಗುರಗಳು ಕಾದು ಕಾದು ಕಲ್ಲಾಗಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿದ್ದವು. ಗೈಡುಗಳೂ ಸವೆದಿದ್ದವು. ಹೆಡ್ಡಿನ ಕೆಲಸವಷ್ಟೇ ಮಾಡಿಸಿದ ಮೇಲೆ ಹೊಗೆ ನಿಂತಿತು. ಮೊದಲಿನ ಖರ್ಚಿಗೆ ಹೋಲಿಸಿದರೆ ಇದು ಅಲ್ಪವೇ. ಮನೆಯವರಿಗೆ ಹೋದ ಹಣಕ್ಕಿಂತಲೂ ನೋವಾದದ್ದು ಬೇರೊಂದು ಸಂಗತಿಗೆ: ಅನಗತ್ಯವಾಗಿ ಒಂದು ಸಲ ಬೋರ್ ಆಗಿಹೋಗಿತ್ತು.

ಬೋರ್ ಎಂಬುದು ಬ್ಯಾಂಕಿನ ಠೇವಣಿಯಂತೆ

ಈ ನೋವಿಗೆ ಕಾರಣವಿದೆ. ಬೋರ್ ಮಾಡುವುದೆಂದರೆ ಸವೆದ ಸಿಲಿಂಡರಿನ ಗೋಡೆಯನ್ನು ಇನ್ನಷ್ಟು ಕೊರೆದು, ಅದಕ್ಕೆ ಹೊಂದುವ ದೊಡ್ಡ ಪಿಸ್ಟನ್ ಹಾಕುವುದು. ಈ ಇಂಜಿನ್ನಿಗೆ 10, 20, 30, 40 ಥೌ ಎಂದು, ಅಂದರೆ ಅಂಗುಲದ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ, ಓವರ್‌ಸೈಜ್ ಪಿಸ್ಟನ್ನುಗಳ ವಾಡಿಕೆ. ನಲವತ್ತು ಥೌ ಎಂದರೆ ಸುಮಾರು ಒಂದು ಮಿಲಿಮೀಟರ್. ನಾಲ್ಕು ಮೆಟ್ಟಿಲು, ಅಷ್ಟೇ. ಅದಾದ ಮೇಲೆ ಉಳಿಯುವ ದಾರಿ ಸ್ಲೀವ್ ಹಾಕಿಸುವುದು. ಅದು ಒಳ್ಳೆಯ ಲೇತಿನ ಕೆಲಸಗಾರರನ್ನು ಬೇಡುವ ಕೆಲಸ. ಕೊರೆದ ಲೋಹವನ್ನು ಮರಳಿ ತುಂಬಲಾಗದು. ಕಾರ್ಖಾನೆಯಿಂದ ಹೊಸ ಬ್ಲಾಕು ಬರುವ ಕಾಲವೂ ಮುಗಿದಿದೆ. ಆದುದರಿಂದ ಬೇಡದ ಬೋರ್ ಒಂದೊಂದೂ ಮುಂದಿನ ತಲೆಮಾರಿಗೆ ಸೇರಬೇಕಾದ ಆಯುಷ್ಯವನ್ನು ಇಂದೇ ಖರ್ಚುಮಾಡಿದಂತೆ.

"ಇಂಜಿನ್ನನ್ನೇ ಬದಲಿಸಿ ಬೇರೆ ಹಾಕಿಬಿಡಿ" ಎನ್ನುವವರೂ ಇದ್ದಾರೆ. ಅದಕ್ಕೂ ಯೋಚಿಸಬೇಕು. 2021ರಲ್ಲಿ ಕೇಂದ್ರ ಸರ್ಕಾರವು ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಐವತ್ತು ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ವಾಹನಗಳೆಂದು 'ವಿ.ಎ.' ಅಕ್ಷರಗಳ ವಿಶೇಷ ಸಂಖ್ಯೆಯಡಿ ನೋಂದಾಯಿಸುವ ಅವಕಾಶ ಕಲ್ಪಿಸಿತು. ಆದರೆ ವಾಹನವು ಮೂಲರೂಪದಲ್ಲಿರಬೇಕು. ಛಾಸಿ, ಕವಚ, ಇಂಜಿನ್ನುಗಳನ್ನು ಮಾರ್ಪಡಿಸಿರಬಾರದು. 1970ರ ದಶಕದ ಆರಂಭದ ಅಂಬಾಸಿಡರುಗಳು ಈಗಾಗಲೇ ಆ ವಯಸ್ಸನ್ನು ಮುಟ್ಟಿವೆ. ಇಂದು ಅವಸರದಲ್ಲಿ ಹಾಕಿಸಿದ ಬೇರೆ ಇಂಜಿನ್ನು ನಾಳೆ ಆ ಮಾನ್ಯತೆಗೆ ಅಡ್ಡಿಯಾಗಬಹುದು.

ಚಿಕಿತ್ಸೆಯ ಕ್ರಮ

ಅಗ್ಗದಿಂದ ದುಬಾರಿಗೆ, ಹೊರಗಿನಿಂದ ಒಳಗೆ: ಇದೇ ಕ್ರಮ. ಮೊದಲು ಎಣ್ಣೆ ಬದಲಿಸಿ, ಬ್ರೀದರ್ ತೊಳೆದು, ಸೋರಿಕೆ ನಿಲ್ಲಿಸಿ, 500 ಕಿ.ಮೀ. ಲೆಕ್ಕ ತೆಗೆಯುವುದು.

ತಿಂಗಳುಗಟ್ಟಲೆ ನಿಂತ ಕಾರಾದರೆ ರಿಂಗುಗಳು ಮಸಿಯಲ್ಲಿ ಅಂಟಿಕೊಂಡಿರಬಹುದು, ಸವೆದಿರಬೇಕೆಂದೇನಿಲ್ಲ. ತುಕ್ಕು ಜಿಡ್ಡು ಬಿಡಿಸುವ ದ್ರವವನ್ನು ಪ್ಲಗ್ಗಿನ ರಂಧ್ರಗಳಿಂದ ಸ್ವಲ್ಪ ಸ್ವಲ್ಪ ಹಾಕಿ ಒಂದೆರಡು ದಿನ ಬಿಟ್ಟು, ಪ್ಲಗ್ಗುಗಳಿಲ್ಲದೆಯೇ ಇಂಜಿನ್ನನ್ನು ಕೈಯಿಂದ ತಿರುಗಿಸಿ ದ್ರವವನ್ನು ಹೊರಹಾಕಿ, ಹೊಸ ಎಣ್ಣೆ ತುಂಬಿ, ಹೆದ್ದಾರಿಯಲ್ಲಿ ಕೆಲವು ದಿನ ಹದವಾಗಿ ಓಡಿಸಿದರೆ ಎಷ್ಟೋ ಸಲ ರಿಂಗು ಬಿಟ್ಟುಕೊಳ್ಳುತ್ತದೆ.

ಮುಂದಿನದು ವಾಲ್ವಿನ ರಬ್ಬರ್ ಸೀಲುಗಳು. ಇವನ್ನು ಹೆಡ್ ಬಿಚ್ಚದೆಯೇ ಬದಲಿಸಬಹುದು: ಪ್ಲಗ್ಗಿನ ರಂಧ್ರದಿಂದ ಮೆತ್ತನೆಯ ಹತ್ತಿಯ ಹಗ್ಗವನ್ನು ಸಿಲಿಂಡರಿನೊಳಗೆ ತುಂಬಿ ಪಿಸ್ಟನ್ನನ್ನು ಮೇಲಕ್ಕೆ ತಂದರೆ, ಸ್ಪ್ರಿಂಗು ಬಿಚ್ಚಿದಾಗ ವಾಲ್ವು ಕೆಳಗೆ ಬೀಳದೆ ನಿಲ್ಲುತ್ತದೆ. ಹಗ್ಗದ ಒಂದು ತುದಿ ಹೊರಗೇ ಇರಬೇಕು. ರಾಕರ್ ಶಾಫ್ಟಿನ ಬುಷ್ ಸವೆದಿದ್ದರೆ ತಲೆಗೆ ಎಣ್ಣೆಯ ಪ್ರವಾಹವೇ ಹರಿಯುತ್ತದೆ. ಅದನ್ನೂ ಆಗಲೇ ನೋಡಿಸಬೇಕು. ಇದರಿಂದಲೂ ಆಗದಿದ್ದರೆ ಹೆಡ್ ಇಳಿಸಿ ಗೈಡು ಬದಲಿಸುವುದು.

ಹೆಡ್ ಇಳಿಸಿದಾಗ ಸಿಲಿಂಡರುಗಳ ಒಳವ್ಯಾಸವನ್ನು ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕಿನಲ್ಲಿ ಅಳೆಸಿ ಅಂಕಿಗಳನ್ನು ಬರೆಯಿಸಿಕೊಳ್ಳಬೇಕು. ಸವೆತ ಅತ್ಯಲ್ಪವಾಗಿದ್ದರೆ ಗೋಡೆಯನ್ನು ಹೋನ್ ಮಾಡಿಸಿ ಅದೇ ಅಳತೆಯ ಹೊಸ ರಿಂಗು ಹಾಕಿದರೆ ಸಾಕು. ಒಂದು ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗ ಸವೆದು, ಗೋಡೆ ಅಂಡಾಕಾರವಾಗಿದ್ದರೆ ಆಗ ಬೋರ್ ಮಾಡಿಸುವುದು ನ್ಯಾಯ. ಹಾಗೆ ಮಾಡಿಸಿದ ಇಂಜಿನ್ನನ್ನು ಮನೆಯ ಮುಂದೆ ಗಂಟೆಗಟ್ಟಲೆ ಸುಮ್ಮನೆ ಓಡಿಸುತ್ತಾ ನಿಲ್ಲಿಸಬಾರದು. ಹೊಸ ರಿಂಗು ಗೋಡೆಗೆ ಕೂರಬೇಕಾದರೆ ಹದವಾದ ಭಾರ ಬೇಕು. ಇಲ್ಲದಿದ್ದರೆ ಗೋಡೆ ಗಾಜಿನಂತೆ ನುಣುಪಾಗಿ ಮತ್ತೆ ಎಣ್ಣೆ ಸುಡತೊಡಗುತ್ತದೆ.

ವಾಚಕರು ಗ್ಯಾರೇಜಿಗೆ ಹೋಗುವಾಗ ಎಣ್ಣೆಯ ಲೆಕ್ಕದ ಪುಸ್ತಕ, ಹೊಗೆ ಬರುವ ಹೊತ್ತಿನ ವಿವರ, ನಾಲ್ಕು ಪ್ಲಗ್ಗುಗಳ ಸ್ಥಿತಿ ಈ ಮೂರನ್ನೂ ಜೊತೆಗೆ ಒಯ್ಯಲಿ. ಬಲ್ಲ ಮಿಸ್ತ್ರಿಗೆ ಇದರಿಂದ ಅರ್ಧ ಕೆಲಸ ಹಗುರವಾಗುತ್ತದೆ. ಅವರು ಸಂತೋಷದಿಂದ ಇನ್ನರ್ಧ ಮಾಡುತ್ತಾರೆ. ಅಂಕಿಗಳನ್ನು ನೋಡಲೊಲ್ಲದೆ "ಇಂಜಿನ್ ಇಳಿಸಿಬಿಡೋಣ" ಎನ್ನುವವರು ಸಿಕ್ಕರೆ, ನಮಸ್ಕಾರ ಹೇಳಿ ಇನ್ನೊಬ್ಬರಲ್ಲಿಗೆ ಹೋಗುವುದರಲ್ಲಿ ಸಂಕೋಚವೇನೂ ಬೇಡ. ಅಲ್ಲಿಯವರೆಗೆ ವಾರಕ್ಕೊಮ್ಮೆ ಕಡ್ಡಿ ನೋಡಿ ಎಣ್ಣೆಯ ಮಟ್ಟ ಕಾಯ್ದುಕೊಂಡರೆ ಸಾಕು. ಎಣ್ಣೆ ಸುಡುವ ಇಂಜಿನ್ನು ಇನ್ನೂ ಬಹಳ ದಿನ ಓಡೀತು. ಎಣ್ಣೆ ಬತ್ತಿದ ಇಂಜಿನ್ನು ಒಂದೇ ಪ್ರಯಾಣದಲ್ಲಿ ಮುಗಿದೀತು.